ಮಾರ್ಕಮ್‌ಗೆ ಹೋದ ಕಾರು

ಲಕೋಟೆ ಬಿಚ್ಚಿದ ಪಂಕಜಾ ಅಲ್ಲೇ ಕುರ್ಚಿಯ ಮೇಲೆ ಕುಸಿದರು. ಜನ್ಮದಲ್ಲಿ ಸ್ಟೀರಿಂಗ್ ಮುಟ್ಟದ ಹೆಂಗಸು. ಅವರ ಹೆಸರಿಗೆ ಪಾರ್ಕಿಂಗ್ ದಂಡ!

ಪಕ್ಕದ ಊರು ಮಾರ್ಕಮ್‌ನ ಏಷ್ಯನ್ ಮಾಲ್. ಎರಡೇ ಗಂಟೆ ನಿಲ್ಲಿಸಬಹುದಾದ ಜಾಗ. ಅಲ್ಲಿ ಇವರ ಬೂದು ಕಾರು ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಿತ್ತಂತೆ. ಸಾಕ್ಷಿಗೆ ಫೋಟೋ ಬೇರೆ. ಓಡಿಸಿದವರು ಯಾರೆಂದು ತಿಳಿಸಿ, ಇಲ್ಲವೇ ಒಡತಿಯಾದ ನೀವೇ ಹೊಣೆ. ಒಪ್ಪಿಗೆಯಿಲ್ಲದಿದ್ದರೆ ಅಪೀಲು ಮಾಡಿ ಎಂದು ಪಾರ್ಕಿಂಗ್ ನೋಡಿಕೊಳ್ಳುವ ಖಾಸಗಿ ಕಂಪನಿ ಬರೆದಿತ್ತು.

ಕಾರು ಪಂಕಜಾ ಹೆಸರಿಗೆ ಬಂದದ್ದೇ ಹೋದ ವರ್ಷ. ಗಂಡ ದೇರಣ್ಣ ಊರು ಬಿಟ್ಟು ಈ ಪರದೇಶಕ್ಕೆ ಬಂದು, ಪಿಕರಿಂಗ್‌ನ ಅಣುಸ್ಥಾವರದಲ್ಲಿ ಇಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಮರೆವು ಶುರುವಾಯಿತು, ಲೈಸೆನ್ಸ್ ರದ್ದಾಯಿತು. ಅಂದಿನಿಂದ ಆ ಕಾರು ಓಡಿಸುವವನು ಮಗ ತನ್ಮಯ್ ಒಬ್ಬನೇ, ಅದೂ ತಾನಿರುವ ಮಿಸಿಸಾಗದಿಂದ ಬಂದಾಗ.

ಪಂಕಜಾ ಅವನಿಗೇ ಫೋನ್ ಮಾಡಿ ದಂಡದ ತಾರೀಕು ಓದಿ ಹೇಳಿದರು.

"ಯಾರೋ ನಮ್ಮ ನಂಬರ್ ಪ್ಲೇಟು ಕಾಪಿ ಮಾಡಿದ್ದಾರೆ ಮಗಾ. ಅಪೀಲು ಮಾಡುವ."

"ಅಮ್ಮಾ, ಅವತ್ತು ನಿನ್ನ ಐ ಆಪರೇಷನ್. ಯು ವರ್ ವಿತ್ ಮಿ, ನನ್ನ ಕಾರಲ್ಲಿ, ರಾತ್ರಿ ತನಕ." ತನ್ಮಯ್ ದನಿ ಗಡುಸಾಯಿತು. "ಅಪ್ಪ ಓಡಿಸಿಲ್ಲ ಅಲ್ವಾ? ಸ್ಟೌ ಆಫ್ ಮಾಡದೆ ಹೋದದ್ದು ಸಾಕು. ಇನ್ನೊಂದು ಸಲ ಏನಾದ್ರೂ ಆದ್ರೆ ಕೇರ್ ಹೋಮೇ. ಐ ಮೀನ್ ಇಟ್."

"ಛೆ, ಬಿಡ್ತು ಅನ್ನು! ಕೀ ಅವರ ಕೈಗೆ ಸಿಗುವಲ್ಲಿ ಇಲ್ಲ. ದೇವರೇ ಕಾಯ್ತಾ ಇದ್ದಾರೆ."

ಬಾಯಲ್ಲಿ ಮಾತ್ರ ಧೈರ್ಯ. ತುಳುವಿನಲ್ಲಿ ಒಂದು ಮಾತಾಡಲು ಜನವಿಲ್ಲದ ಕಡೆ ಈ ಮನುಷ್ಯನನ್ನು ಬಿಟ್ಟುಬರುವುದೆಂದರೆ ಹೇಗೆ? ಓಡಿಸಿದವನು ಬೇರೆ ಯಾರೋ ಎಂದು ತೋರಿಸಲೇಬೇಕಿತ್ತು.

* * *

ಪಂಕಜಾ ಭೂತಗನ್ನಡಿ ಹಿಡಿದು ಕುಳಿತರು. ಫೋಟೋದಲ್ಲಿ ಕಾರಿನ ಮುಂಭಾಗ. ಗಾಜಿನ ಹಿಂದೆ ಪುಟ್ಟ ಗಣಪತಿ, ಎಡಕ್ಕೆ ವಾಲಿಕೊಂಡಿದ್ದಾನೆ. ಅವನನ್ನು ಹಾಗೆ ಸೊಟ್ಟ ಅಂಟಿಸಿದ್ದು ಸ್ವತಃ ಪಂಕಜಾ! ಪ್ಲೇಟು ಕಾಪಿಯ ಆಸೆ ಅಲ್ಲಿಗೆ ಮುಗಿಯಿತು.

ಉಳಿದವನು ಬೇಸ್‌ಮೆಂಟಿನ ಬಾಡಿಗೆ ಹುಡುಗ ಚಂದ್ರಹಾಸ. ಉಡುಪಿಯವನು. ಆಪರೇಷನ್ ದಿನ ದೇರಣ್ಣನವರ ಜೊತೆ ಇರುತ್ತೇನೆಂದು ಮಾತು ಕೊಟ್ಟಿದ್ದವನು.

"ಕಾರು ತಕೊಂಡು ಎಲ್ಲಿಗೆ ಹೋಗಿದ್ದೆ ಮಾರಾಯ?"

ಹುಡುಗನ ಮುಖ ಬಿಳಿಚಿತು. "ಕಾರಾ? ದೇವರಾಣೆ ಇಲ್ಲ ಆಂಟಿ!"

"ಮತ್ತೆ ಬೆವರುವುದು ಎಂತಕ್ಕೆ?"

"ಅವತ್ತು... ಶಿಫ್ಟಿಗೆ ಕರೆದ್ರು. ಅಂಕಲ್‌ನ ಒಬ್ಬರನ್ನೇ ಬಿಟ್ಟು ಹೋದೆ. ಬರುವಾಗ ಕತ್ತಲೆ. ಅಂಕಲ್ ಜಾಕೆಟ್ ತೆಗೆಯದೆ ಸೋಫಾದಲ್ಲಿ ಕೂತಿದ್ರು. ಮಧ್ಯಾಹ್ನದ ಊಟ ಹಾಗೇ ಇತ್ತು. ಸಾರಿ ಆಂಟಿ."

ಜಾಕೆಟ್ಟಿನ ಮಾತು ಕೇಳಿಯೂ ಕೇಳದವರಂತೆ ಪಂಕಜಾ ಫೋಟೋ ಮುಂದೆ ಹಿಡಿದರು. ಚಂದ್ರಹಾಸ ತಲೆಯಾಡಿಸಿದ.

"ನನ್ನಿಂದ ಹೀಗೆ ನಿಲ್ಲಿಸ್ಲಿಕ್ಕೆ ಆಗುದೇ ಇಲ್ಲ. ರಿವರ್ಸ್ ಹಾಕಿದ್ದಾರೆ ನೋಡಿ. ಸರಿಯಾಗಿ ಗೆರೆ ನಡುವಿಗೆ."

ಹೌದು. ಸಾಲಿನ ಬೇರೆ ಕಾರುಗಳೆಲ್ಲ ಬೆನ್ನು ತೋರಿಸುತ್ತಿದ್ದವು. ಇವರದೊಂದೇ ಮುಖ ಹೊರಗೆ ಹಾಕಿ ನಿಂತಿತ್ತು.

ಪಂಕಜಾ ಫೋಟೋ ಕೆಳಗಿಟ್ಟರು. ಸ್ಥಾವರದ ಕಟ್ಟುನಿಟ್ಟು ಅದು: ಕಾರು ಹಿಮ್ಮುಖವಾಗಿಯೇ ನಿಲ್ಲಬೇಕು, ಅಪಾಯ ಬಂದರೆ ನೇರ ಹೊರಡಲು. ಮದುವೆ ಮನೆಗೆ ತಡವಾದರೂ ದೇರಣ್ಣ ರಿವರ್ಸ್ ಹಾಕದೆ ಇಳಿದವರಲ್ಲ. ಮಗ ಅಪ್ಪನ ಈ ಅಭ್ಯಾಸ ಕಂಡರೆ ಉರಿದುಬೀಳುತ್ತಿದ್ದ, ಒಮ್ಮೆಯೂ ಹಾಗೆ ನಿಲ್ಲಿಸಿದವನಲ್ಲ.

ಆದರೆ ಕೀ?

ಅವರು ದೇವರ ಕೋಣೆಗೆ ಓಡಿದರು. ಅಮ್ಮನವರ ಫೋಟೋದ ಹಿಂದೆ ಕೀ ಇಟ್ಟಲ್ಲೇ ಇತ್ತು. ಅದರ ಮೇಲೆ ಒಣಗಿದ ಗಂಧ, ಬೆರಳಿನ ಗುರುತು. ದಿನಾ ಬೆಳಿಗ್ಗೆ ಆ ಫೋಟೋ ಎತ್ತಿ ಒರೆಸಿ, ಗಂಧ ಹಚ್ಚಿ, ದೀಪ ಇಡುವವರು ಯಾರು? ದೇರಣ್ಣ! ಎಲ್ಲ ಮರೆತರೂ ಪೂಜೆ ಮರೆಯದ ಮನುಷ್ಯ. ಅವರಿಂದ ಅಡಗಿಸಿಡಲು ತನಗೆ ಸಿಕ್ಕಿದ್ದು ದೇವರ ಮೂಲೆಯೇ! ಅಯ್ಯೋ ನನ್ನ ಬುದ್ಧಿಗೆ ಮಣ್ಣು ಬೀಳಲಿ ಎಂದು ಪಂಕಜಾ ಹಣೆ ಚಚ್ಚಿಕೊಂಡರು.

* * *

ದೇರಣ್ಣ ಕಿಟಕಿಯ ಬಳಿ ಚಹಾ ಕುಡಿಯುತ್ತಿದ್ದರು.

"ಮಾರ್ಕಮ್‌ಗೆ ಎಂತಕ್ಕೆ ಹೋದದ್ದು?"

ಅವರು ಲೋಟ ಕೆಳಗಿಟ್ಟರು. ಸುಳ್ಳು ಹೇಳುವ ಅಭ್ಯಾಸ ಮೊದಲಿನಿಂದಲೂ ಇಲ್ಲ.

"ಎಳನೀರು ತರುವ ಅಂತ. ನಿನ್ನ ಕಣ್ಣಿನ ಆಪರೇಷನ್ ಅಲ್ವಾ, ತಂಪು."

"ತಂದ್ರಾ?"

"ಇಲ್ಲ. ನಿಲ್ಲಿಸಿದ ಮೇಲೆ ಎಂತಕ್ಕೆ ಬಂದದ್ದು ಅಂತ ಮರೆತುಹೋಯ್ತು."

"ಸಂಜೆವರೆಗೆ ಅಲ್ಲಿ ಎಂತ ಮಾಡಿದ್ರಿ?"

"ಕಾರಲ್ಲೇ ಕೂತಿದ್ದೆ ಮಾರಾಯ್ತಿ. ಮನೆ ದಾರಿ ನೆನಪಾಗ್ಲಿ ಅಂತ."

ಪಂಕಜಾಗೆ ಬೈಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಕೀಯನ್ನು ಸೆರಗಿನೊಳಗೆ ಸುತ್ತಿಕೊಂಡರು. ಓಡಿಸಿದವರ ಹೆಸರು ಬರೆದರೆ ಗಂಡ ಮನೆಯಲ್ಲಿ ಉಳಿಯುವುದಿಲ್ಲ. ಸುಮ್ಮನೆ ದಂಡ ಕಟ್ಟಿ ಬಾಯಿ ಮುಚ್ಚಿಕೊಂಡರಾಯಿತು. ಯಾರಿಗೆ ಗೊತ್ತಾಗಬೇಕು?

ಅಷ್ಟರಲ್ಲಿ ಫೋನ್. ತನ್ಮಯ್. "ಅಮ್ಮಾ, ಎನಿ ಲಕ್? ಯಾರು ಅಂತ ಗೊತ್ತಾಯ್ತಾ?"

"ಇಲ್ಲ ಮಗಾ, ಯಾರೋ ಏನೋ..."

ದೇರಣ್ಣ ಕುರ್ಚಿಯಿಂದ ಎದ್ದು ಬಂದರು. ಮೇಜಿನ ಮೇಲಿದ್ದ ಫೋಟೋ ಎತ್ತಿ ನೋಡಿದರು. ಮುಖ ಕೆಂಪಾಯಿತು.

"ಇದು ನಮ್ಮ ಕಾರಲ್ವಾ ಪಂಕಜಾ? ಯಾರು ತಕೊಂಡು ಹೋದದ್ದು? ಬಿಡಬೇಡ ಅವನನ್ನು. ಅಪೀಲು ಮಾಡು!"

ಪಂಕಜಾ ಗಂಡನ ಮುಖ ನೋಡಿದರು. ಅಲ್ಲಿ ನಾಟಕವಿರಲಿಲ್ಲ. ಈಗಷ್ಟೇ ತಾವೇ ಹೇಳಿದ್ದೂ ಅವರಿಗೆ ಮರೆತುಹೋಗಿತ್ತು.

"ಹಲೋ? ಅಮ್ಮಾ?"

"ಗೊತ್ತಾಯ್ತು ಮಗಾ," ಎಂದರು ಪಂಕಜಾ. "ನೀನು ಮನೆಗೆ ಬಾ."