ಮುಖ ನೋಡದ ಮಿಲಿಮೀಟರ್

ನನ್ನನ್ನು ಕಂಡ ಕೂಡಲೇ ಅವರು ಮತ್ತೆ ಗೋಡೆ ಕಡೆ ತಿರುಗಿಕೊಂಡರು.

ನಾನು ಆಗಷ್ಟೇ ಮಹಾರಾಣಿ ಎಂಬ ಹಸುವಿನ ಕೊಟ್ಟಿಗೆಯಿಂದ ಹೊರಬಂದಿದ್ದೆ. ಭುಜದವರೆಗೆ ಗ್ಲೌಸು, ಅದರ ತುಂಬ ಸೆಗಣಿ, ಹಣೆಗೆ ಅಂಟಿದ ಕೂದಲು. ನೋಡುವಂಥ ರೂಪವೇನಲ್ಲ, ಒಪ್ಪುತ್ತೇನೆ. ಹಾಗಂತ ಎದುರಾದ ಮನುಷ್ಯ ಬೋಳು ಗೋಡೆಯನ್ನು ಅಷ್ಟು ಆಸೆಯಿಂದ ನೋಡಬೇಕೇ?

"ಗುಡ್ ಮಾರ್ನಿಂಗ್," ಅಂದೆ.

"ಹೂಂ," ಅಂತ ಗೋಡೆಗೆ ಹೇಳಿ ಕೊಟ್ಟಿಗೆಯೊಳಗೆ ಹೋದರು.

ನಮ್ಮ ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವರನ್ನು ಮಿಲಿಮೀಟರ್ ಅಂತಲೇ ಕರೆಯುವುದು, ಅಷ್ಟು ಕರಾರುವಾಕ್ಕು. ನಮ್ಮಿಬ್ಬರದೂ ಒಂದೇ ಕೆಲಸ. ಸ್ಕ್ಯಾನ್ ಮಷಿನ್ನಿನ ಪ್ರೋಬನ್ನು ಹಸುವಿನ ಹಿಂಬದಿಯಿಂದ ಒಳಗೆ ಹಿಡಿದು, ಅಂಡಾಶಯವನ್ನು ಸ್ಕ್ರೀನಿನಲ್ಲಿ ನೋಡಿ, ಅಂಡಾಣು ಬೆಳೆಯುವ ನೀರುಗುಳ್ಳೆಗಳನ್ನು ಅಳೆಯುವುದು. ಒಂದೇ ಹಸುವನ್ನು ಒಬ್ಬರಾದ ಮೇಲೆ ಒಬ್ಬರು ನೋಡಬೇಕು. ಇಬ್ಬರ ಅಳತೆಯೂ ತಾನಾಗಿಯೇ ತಾಳೆಯಾದರೆ ಮಾತ್ರ ಅದಕ್ಕೆ ಬೆಲೆ. "ಒಳಗೆ ಕಂಡಿದ್ದನ್ನ ಒಬ್ಬರಿಗೊಬ್ಬರು ಬಾಯಿ ಬಿಡಬೇಡಿ," ಅಂತ ನಮ್ಮ ಮೇಡಂ, ಕೇಂದ್ರದ ದೊಡ್ಡ ಡಾಕ್ಟರಮ್ಮ, ಶುರುವಿನಲ್ಲೇ ತಾಕೀತು ಮಾಡಿದ್ದರು.

ಸರಿ, ಗುಳ್ಳೆಯ ವಿಷಯ ಬೇಡ. ಬೇರೆ ವಿಷಯಕ್ಕೇನು ಬರವೇ? ಈ ಅಳತೆ ಕೆಲಸ ಶುರುವಾಗುವ ಮುಂಚೆ ಇದೇ ಮನುಷ್ಯ ಕ್ಯಾಂಟೀನಿನಲ್ಲಿ ನನ್ನೆದುರು ಕೂತು, ಟೀ ತಣ್ಣಗಾದರೂ ಏಳುತ್ತಿರಲಿಲ್ಲ. ನಾನು ನಕ್ಕರೆ ಅವರ ಕಣ್ಣು ನನ್ನ ಕೆನ್ನೆ ಮೇಲೆ ಬಂದು ನಿಲ್ಲುತ್ತಿತ್ತು. ನಾನು ನೋಡಿದೆ ಅಂತ ಗೊತ್ತಾದರೆ ಸಕ್ಕರೆಯೇ ಇಲ್ಲದ ಲೋಟದಲ್ಲಿ ಚಮಚ ತಿರುಗಿಸುತ್ತಿದ್ದರು.

ಅದು ನಿಜವಾಗಿ ಇತ್ತೋ, ನಾನೇ ಕಟ್ಟಿಕೊಂಡ ಕತೆಯೋ? ಸ್ಕ್ರೀನಿನ ಕಪ್ಪು ಚುಕ್ಕೆಗಳಲ್ಲಿ ಗುಳ್ಳೆ ಯಾವುದು, ರಕ್ತನಾಳ ಯಾವುದು ಅಂತ ಥಟ್ಟನೆ ಹೇಳುವವಳು ನಾನು. ಈ ಒಬ್ಬ ಗಂಡಸಿನ ತಲೆಬುಡ ತಿಳಿಯದೆ ಒದ್ದಾಡುತ್ತಿದ್ದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ.

"ಬೇರೆ ಊರಿನ ಕೇಂದ್ರಕ್ಕೆ ಹೋಗ್ತೀಯಾ ಅಂತ ಮೇಡಂ ಕೇಳಿದಾರೆ. ನಾಳೆ ಹೇಳ್ಬೇಕು."

"ಹೋಗೋಕೆ ಇಷ್ಟ ಇದೆಯಾ?"

"ಇಲ್ಲ. ಆದ್ರೆ ದಿನಾ ಆ ಬೆನ್ನು ನೋಡ್ಕೊಂಡು ಇಲ್ಲಿರೋಕೂ ಆಗಲ್ಲ ಕಣೇ."

"ಬಾಯಿಬಿಟ್ಟು ಕೇಳೇ! ಹಸು ಒಳಗೆ ಭುಜದ ತನಕ ಕೈ ಹಾಕೋವಳಿಗೆ ಒಂದು ಮಾತು ಕೇಳೋಕೆ ನಾಚಿಕೆನಾ?"

ನಾಚಿಕೆಯಲ್ಲ, ಭಯ. ಕೇಳಿದ ಮೇಲೆ "ಹಾಗೇನಿಲ್ಲವಲ್ಲ" ಅಂದುಬಿಟ್ಟರೆ? ಮಾನವಾದರೂ ಉಳಿಯಲಿ ಅಂತ ಬೆಳಿಗ್ಗೆ ನೇರ ಮೇಡಂ ಕೋಣೆಗೆ ಹೋಗಿ, "ಹೋಗ್ತೀನಿ," ಅಂದೆ.

ಅವರು ಕನ್ನಡಕ ತೆಗೆದರು. "ನೀನೂನಾ? ಈಗ ತಾನೇ ಅವನು ಬಂದು ಈ ಕೆಲಸದಿಂದ ನನ್ನ ಬಿಡಿಸಿ ಅಂದ. ನಿನ್ನ ಜೊತೆ ಆಗಲ್ವಂತೆ. ಏನಮ್ಮಾ ಆಗಿದೆ ನಿಮಗೆ?"

ನನ್ನ ಜೊತೆ ಆಗಲ್ವಂತೆ! ಕಣ್ಣಲ್ಲಿ ನೀರು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ಇನ್ನೊಮ್ಮೆ ಯೋಚಿಸ್ತೀನಿ ಮೇಡಂ ಅಂದವಳೇ ದಡದಡ ಮೆಟ್ಟಿಲಿಳಿದು ಕೊಟ್ಟಿಗೆಯ ನಲ್ಲಿಯ ಹತ್ತಿರ ಹೋದೆ. ಅವರು ಬೂಟು ತೊಳೆಯುತ್ತಿದ್ದರು.

"ನಾನೇನ್ರೀ ಮಾಡಿದ್ದೆ ನಿಮಗೆ?"

ಅವರು ತಿರುಗಿದರು. ಗೋಡೆ ಕಡೆಗಲ್ಲ, ನನ್ನ ಕಡೆಗೆ. ಕಣ್ಣು, ಮೂಗು, ತುಟಿ ಎಲ್ಲವನ್ನೂ ಹಸಿದವರ ಹಾಗೆ ನೋಡಿದರು. ನನಗೆ ಬೈಗುಳವೆಲ್ಲ ಮರೆತುಹೋಯಿತು.

"ನಿಮ್ಮ ಮುಖ ನೋಡಿದ್ರೆ ನಂಗೆ ಅಳತೆ ಗೊತ್ತಾಗಿಬಿಡತ್ತೆ," ಅಂದರು.

"ಏನು?"

"ಕೆಳತುಟಿ ಕಚ್ಚಿದ್ರೆ ಗುಳ್ಳೆ ದೊಡ್ಡದು. ಮೂಗು ಸೊಟ್ಟ ಆದ್ರೆ ಏನೂ ಇಲ್ಲ. ಹುಬ್ಬು ಗಂಟಾದ್ರೆ ಅನುಮಾನ. ಅದಕ್ಕೇ ನೋಡ್ತಿರಲಿಲ್ಲ. ನಿನ್ನೆ ತಿರುಗೋ ಮುಂಚೆ ಒಂದೇ ಸಲ ನೋಡಿಬಿಟ್ಟೆ. ಪ್ರೋಬ್ ಹಿಡಿಯೋಕೆ ಮೊದಲೇ ಮಹಾರಾಣಿಯ ಗುಳ್ಳೆ ನಂಗೆ ಗೊತ್ತು! ಅದು ಪರೀಕ್ಷೆಲಿ ಕಾಪಿ ಹೊಡೆದ ಹಾಗಲ್ವಾ?"

"ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಮುಖ ಬಿಗಿದುಕೊಂಡು ಓಡಾಡ್ತಿದ್ರಿ. ಅದನ್ನ ಹೇಗೆ ತಡ್ಕೊಳ್ಳಲಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಮುನಿಸು ಅಂದುಕೊಂಡಿದ್ದು, ಈ ಮಹಾನುಭಾವರ ಪ್ರಾಮಾಣಿಕತೆ.

"ಮತ್ತೆ ಇಷ್ಟು ದಿನದ ನಿಮ್ಮ ಕೆಲಸ? ವರದಿಯಲ್ಲಿ ನಿಮ್ಮ ಹೆಸರು?"

"ಹೋಗಲಿ. ನಿಮ್ಮನ್ನ ನೋಡದೇ ಇರೋದು ಇನ್ನು ನನ್ನಿಂದಾಗಲ್ಲ." ನಲ್ಲಿ ಹರಿಯುತ್ತಲೇ ಇತ್ತು. ಅವರು ಇನ್ನಷ್ಟು ಹತ್ತಿರ ಬಂದು ನನ್ನ ಮುಖ ಓದಿದರು. "ಇವತ್ತು ಮಹಾರಾಣಿಯ ಗುಳ್ಳೆ ಇನ್ನೂ ದೊಡ್ಡದಾಗಿದೆ. ಸರಿ ತಾನೇ?"

ನನ್ನ ಹಲ್ಲು ಕೆಳತುಟಿಯ ಮೇಲಿರುವುದು ಆಗ ನನಗೇ ಗೊತ್ತಾಯಿತು.

"ಮಹಾರಾಣಿ ಹತ್ತಿರ ನಾನಿನ್ನೂ ಹೋಗೇ ಇಲ್ಲ," ಅಂದೆ.

ಅವರು ಗೊಂದಲದಿಂದ ಕೊಟ್ಟಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ನಿಧಾನಕ್ಕೆ ಅವರ ಕಿವಿ ಕೆಂಪಾಯಿತು.

"ನಲ್ಲಿ ನಿಲ್ಲಿಸಿ," ಅಂದೆ. "ಮೇಡಂಗೆ ನಾನು ಎಲ್ಲಿಗೂ ಹೋಗಲ್ಲ ಅಂತ ಹೇಳಿ ಬರ್ತೀನಿ. ನೀವು ಇಲ್ಲೇ ಇರಿ."