ಸಿರುಗುಪ್ಪದ ನೀಲಿ ಗೋಡೆ

2024ರ ಡಿಸೆಂಬರ್ 14, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ.

ಬಳ್ಳಾರಿಯ ಸಭಾಂಗಣವೊಂದರಲ್ಲಿ ದಾಕ್ಷಾಯಣಿಯ ನಲವತ್ತೈದು ವರ್ಷಗಳ ಚಿತ್ರಗಳು ಸಾಲಾಗಿ ತೂಗುತ್ತಿದ್ದವು. ಅವಳ ಊರು ಕುರುಗೋಡಿನ ಬಂಡೆಗಳ ಬೂದು, ಕೆಮ್ಮಣ್ಣಿನ ಕೆಂಪು, ಮುಖವಿಲ್ಲದ ಆಕಾರಗಳು. ಅರವತ್ತೇಳರ ಕಲಾವಿದೆ ಎಲ್ಲರಿಗೂ ನಗುತ್ತಲೇ ಉತ್ತರಿಸುತ್ತಿದ್ದಳು.

ಹಿಂದಿನಿಂದ ಒಂದು ದನಿ ಬಂತು.

"ಇಷ್ಟೆಲ್ಲಾ ಬರ್ದೀರಿ ಮೇಡಂ... ಒಂದರಾಗೂ ನೀಲಿ ಇಲ್ಲಲ್ರೀ?"

ಅವಳ ನಗು ಅಲ್ಲೇ ನಿಂತಿತು. ತಿರುಗಿ ನೋಡಬೇಕಿರಲಿಲ್ಲ... ಹಂಪೇಶ!

"ನೀಲಿ ಕೇಳಾಕ ಸಿರುಗುಪ್ಪದಿಂದ ಬಂದ್ರೇನು?"

"ಕೇಳಿ ಹೋಗಾಕ. ಹನ್ನೊಂದೂವರೆಗೆ ಬಸ್ಸೈತಿ."

1983ರಲ್ಲಿ ಅವನ ಅಕ್ಕಿ ಗಿರಣಿಯ ಗೋಡೆಯ ಮೇಲೆ ಅವಳು ತನ್ನ ಮೊದಲ ದೊಡ್ಡ ಚಿತ್ರ ಬರೆದಿದ್ದಳು. ಇಡೀ ಗೋಡೆ ನೀಲಿ, ನಡುವೆ ಒಂದೇ ಬಿಳಿ ಗೆರೆ.

"ಮುಖ ಇಲ್ಲ, ಮೂಗಿಲ್ಲ, ಇದೆಂಥಾ ಚಿತ್ರನವ್ವಾ!" ಎಂದು ಅವನ ತಾಯಿ ವೀರಭದ್ರಮ್ಮ ಆಡಿಕೊಂಡಿದ್ದರು.

ಅದು ಮುಗಿದ ಮೇಲೆ ಅವರಿಬ್ಬರ ಮದುವೆಯ ಮಾತಾಗಬೇಕಿತ್ತು. ಆದರೆ ಅವಳು ಮದ್ರಾಸಿಗೆ ಹೋಗಿ ಹದಿನೈದು ದಿನಕ್ಕೆ ಮರಳಿದಾಗ ನೀಲಿಯೆಲ್ಲ ಕಂದು ಬಣ್ಣವಾಗಿತ್ತು! ಒಂದು ಮಾತೂ ಕೇಳದೆ ಹೊರಟುಹೋಗಿದ್ದಳು.

"ನಿಮ್ಮವ್ವನ ಮಾತು ಕೇಳಿ ನನ್ನ ಚಿತ್ರದ ಮ್ಯಾಲೆ ಕೆಮ್ಮಣ್ಣು ಬಳಿಸಿದ್ರಿ. ಬ್ಯಾಡ ಅಂತ ನೇರ ಹೇಳಬೇಕಿತ್ತು!"

ಹಂಪೇಶನ ಮುಖ ಬಿಳಿಚಿಕೊಂಡಿತು.

"ಕೆಮ್ಮಣ್ಣಾ? ದಾಕ್ಷಾಯಣಿ... ಆ ಗೋಡಿ ನಾ ಮುಟ್ಟಿದ್ದು ಒಂದೇ ಸಾರಿ. ನೀ ಶುರು ಮಾಡೋ ಹಿಂದಿನ ದಿನ. ನಿನ್ನ ಬಣ್ಣ ಎದ್ದು ಕಾಣ್ಲಿ ಅಂತ ಹೊಸ ಸುಣ್ಣ ಹೊಡಿಸಿದ್ದೆ."

"ಸುಣ್ಣ... ಹಸಿ ಸುಣ್ಣ?"

ಅವಳು ಕುರ್ಚಿ ಹಿಡಿದು ಕುಳಿತಳು. ಆಗ ಬಳಸಿದ್ದು ಕಬ್ಬಿಣದಿಂದ ಮಾಡುವ ಅಗ್ಗದ ನೀಲಿ. ಹಸಿ ಸುಣ್ಣದ ಕ್ಷಾರ ತಾಗಿದರೆ ಅದು ಒಡೆದು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ. ಎಷ್ಟು ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿದ್ದಳು! ಆ ಗೋಡೆಯ ವಿಷಯದಲ್ಲಿ ಮಾತ್ರ ಸಿಟ್ಟು ಯೋಚಿಸಲು ಬಿಟ್ಟಿರಲಿಲ್ಲ.

"ಯಾರೂ ಬಳಿಸಿಲ್ರೀ... ನಿಮ್ಮ ಸುಣ್ಣಕ್ಕ ನನ್ನ ನೀಲಿ ತಾನೇ ಕಂದಾಗೈತಿ."

"ಅಂದ್ರ ನಾ ಪ್ರೀತಿಲೆ ಮಾಡಿದ್ದೇ..." ಅವನು ಕೈಗಡಿಯಾರ ನೋಡಿಕೊಂಡ. "ಬರ್ತೀನಿ. ಈ ವಯಸ್ಸಿನಾಗ ಗೊತ್ತಾಗಿ ಏನು ಮಾಡೂದೈತಿ?"

ಅವನು ಬಾಗಿಲವರೆಗೂ ಹೋಗಿಬಿಟ್ಟ.

'ಈಗಲೂ ಕೇಳದೆ ಕೂತರೆ? ಇನ್ನೊಂದು ನಲವತ್ತು ವರ್ಷ ನನ್ನ ಹತ್ತಿರ ಎಲ್ಲಿದೆ?'

"ನಿಲ್ರೀ! ಆ ಗೋಡಿ ಇನ್ನೂ ಐತೇನು?"

"ಗಿರಣಿ ಯಂತ್ರ ಮಾರೀನಿ, ಗೋಡಿ ಕೆಡವಾಕ ಬಿಟ್ಟಿಲ್ಲ. ಹೆಂಡ್ತಿ ಪಾಪ ಬದುಕಿರೋತನಕ ಬೈತಿದ್ಳು, 'ಆ ಕಂದು ಗೋಡಿಗೆ ಏನು ಪೂಜಿ ಮಾಡ್ತೀರಿ' ಅಂತ!"

ದಾಕ್ಷಾಯಣಿ ಕೈಚೀಲ ಎತ್ತಿಕೊಂಡಳು. ಅದೇ ಬಸ್ಸಿನಲ್ಲಿ ಇಬ್ಬರೂ ಸಿರುಗುಪ್ಪಕ್ಕೆ ಹೋದರು.

ಗೋಡೆಯ ಒಂದು ಮೂಲೆಯನ್ನು ಕೆರೆದು, ನೀರು ಹಚ್ಚಿ, ಅವಳು ಕೈಚೀಲದಿಂದ ತೆಗೆದ ಕಾಗದದ ಪಟ್ಟಿಯೊಂದನ್ನು ಒತ್ತಿ ಹಿಡಿದಳು.

"ಏನದು?"

"ಕ್ಷಾರ ಅಳೆಯೋದು, ಬಣ್ಣದ ಮ್ಯಾಲೆ ಅಂಕಿ ತಿಳೀತೈತಿ. ಹಸಿ ಸುಣ್ಣಕ್ಕ ಹನ್ನೆರಡು ದಾಟತೈತಿ. ಒಂಬತ್ತಕ್ಕಿಂತ ಕೆಳಗ ಇಳಿದಿದ್ರಷ್ಟೇ ನೀಲಿ ಬರಿಯಾಕ ಬರ್ತೈತಿ."

"ಮತ್ತ ಬರೀತಿಯೇನು?"

"ಬರೀತೀನಿ. ಆದ್ರ ಇನ್ನ ಮ್ಯಾಲೆ ಸುಣ್ಣ ಹೊಡಿಸೋ ಮುಂದ ನನ್ನ ಕೇಳ್ರಿ."

"ಕೇಳಾಕ ನೀ ಇಲ್ಲೇ ಇರಬೇಕಲ್ಲ?"

ಅವಳು ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. ಖಾಲಿಯಿದ್ದ ಕೈಯನ್ನು ಮಾತ್ರ ಅವನ ಕಡೆ ಚಾಚಿದಳು.

"ಇರ್ತೀನಿ..."

ಕಾಗದ ನಿಧಾನವಾಗಿ ಹಸಿರಾಯಿತು. ಎಂಟು.