ಅಕ್ಕಿಯ ಮೇಲೆ ಬರೆದ ಹೆಸರು

ಬರೆದರೆ ಏನಾದೀತು? ಬರೆಯದ ವಿದ್ಯೆ ಉಳಿಯುವುದಾದರೂ ಹೇಗೆ? ಅಥವಾ ಈ ಮುದುಕಿ ತನ್ನನ್ನು ಆಟವಾಡಿಸುತ್ತಿದ್ದಾಳೋ?

ಅಮೆರಿಕದ ಸ್ನೊಕ್ವಾಲ್ಮಿ ಊರಿನ ಓಕ್ ಮರದಡಿ ಕೂತ ವಿಜಯಕುಮಾರ ಒಳಗೊಳಗೇ ಕುದಿಯುತ್ತಿದ್ದ. ಪ್ರಾಚೀನ ಕೆಲ್ಟ್ ಜನರ ಪುರೋಹಿತರಾದ ಡ್ರೂಯಿಡರ ಮೇಲೆ ಅವನ ಪಿಎಚ್‌ಡಿ. ಇಪ್ಪತ್ತು ವರ್ಷ ಕಲಿತದ್ದನ್ನೂ ಬರೆದಿಡದೆ ಬಾಯಲ್ಲೇ ಇಟ್ಟುಕೊಂಡು ಸತ್ತವರು ಅವರು. ಆಧಾರವೆಲ್ಲಿ ಎಂದು ಗೈಡ್ ಪ್ರಬಂಧದ ಒಂದೇ ಅಧ್ಯಾಯವನ್ನು ಮೂರನೆಯ ಸಲ ಹಿಂದಿರುಗಿಸಿದ್ದರು. ಐದು ವರ್ಷ ಅಲೆದ ಮೇಲೆ ಸಿಕ್ಕವಳು ಈ ಮುದುಕಿ, ಮಾರ್ಗರೆಟ್. ಅಜ್ಜಿಯ ಅಜ್ಜಿಯಿಂದ ಬಂದ, ಡ್ರೂಯಿಡರ ಮಂತ್ರದ ಹನ್ನೆರಡು ಸಾಲು ಅವಳಿಗೆ ಗೊತ್ತಿತ್ತು.

ಕೇಳಬಹುದು, ಬರೆಯಬಾರದು ಎಂದಳು. ಈ ಸಾಲುಗಳನ್ನು ಬರೆದವನ ಕೈ ಅಲ್ಲಿಂದ ಮುಂದೆ ಏನು ಬರೆದರೂ ಅವನ ಬಾಯಿ ಅದನ್ನು ಕಳೆದುಕೊಳ್ಳುತ್ತದಂತೆ. ಅವನು ನಕ್ಕ. ನಮ್ಮ ವೇದವೂ ಬಾಯಲ್ಲೇ ಇತ್ತು, ಈಗ ಪುಸ್ತಕದಂಗಡಿಯಲ್ಲಿ ಸಿಗುತ್ತದೆ, ಯಾರಿಗೇನಾಯಿತು ಎಂದ. ಮನೆಯಲ್ಲಿ ನೀನು ಹೆಸರು ಹಿಡಿದು ಕರೆಯಬೇಕಾದವರು ಇದ್ದಾರೆಯೇ ಎಂದಷ್ಟೇ ಅವಳು ಕೇಳಿದಳು.

ಅವಳು ಹೇಳಿ ಮುಗಿಸಿದ್ದೇ ತಡ, ಕಾರಿಗೆ ಓಡಿ ಹನ್ನೆರಡು ಸಾಲನ್ನೂ ಕನ್ನಡ ಅಕ್ಷರದಲ್ಲಿ ಗೀಚಿದ. ಅವನ ಚಿಕ್ಕಮ್ಮ ಸಂಸ್ಕೃತ ಸ್ತೋತ್ರಗಳನ್ನು ಹೀಗೇ ಬರೆದುಕೊಳ್ಳುತ್ತಿದ್ದಳು. ಆ ಉಚ್ಚಾರಗಳಿಗೆ ಇಂಗ್ಲಿಷ್ ಸಾಲದು. ಅಲ್ಲದೆ, ಡ್ರೂಯಿಡರ ಶಾಪಕ್ಕೆ ಕನ್ನಡ ಓದಲು ಬರುತ್ತದೆಯೇ? ಮುಚ್ಚಿದ ಕಾರಿನೊಳಗೆ ಹಸಿ ಪಾಚಿಯ ವಾಸನೆ ತುಂಬಿಕೊಂಡಿತು.

ಮನೆಯಲ್ಲಿ ಓದಲು ಕೂತ. ಅಕ್ಷರಗಳು ಕಂಡವು, ನಾಲಿಗೆ ಏಳಲಿಲ್ಲ. ನಿದ್ದೆಗೆಟ್ಟದ್ದಕ್ಕೆ ಹೀಗೆ ಎಂದುಕೊಂಡ.

ಭಾನುವಾರ ಮಗಳ ನಾಮಕರಣ. ಮರುದಿನ ಅದಕ್ಕೆ ಸಾಮಾನಿನ ಚೀಟಿ ಬರೆದವನೂ ಅವನೇ. ಅಂಗಡಿಯಲ್ಲಿ ಹೆಸರು ಬಾಯಿಗೆ ಬಾರದೆ ಒಂದೊಂದಕ್ಕೂ ಬೆರಳು ತೋರಿಸಬೇಕಾಯಿತು.

"ಐದು ವರ್ಷದಿಂದ ಪಿಎಚ್‌ಡಿ ಮಾಡ್ತಿದೀಯ, ಏಲಕ್ಕಿ ಅನ್ನೋಕೆ ಬರಲ್ವಾ?" ಎಂದು ಹೆಂಡತಿ ಜಾಹ್ನವಿ ನಕ್ಕಳು.

ಅವನಿಗೆ ನಗು ಬರಲಿಲ್ಲ. ಮಾರ್ಗರೆಟ್‌ಗೆ ಫೋನ್ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ನಂಬಲಾರದ್ದನ್ನು ನಂಬತೊಡಗಿದ್ದಕ್ಕೆ ತನ್ನ ಮೇಲೇ ರೇಗಿದ.

ಭಾನುವಾರ ಬೆಳಿಗ್ಗೆ ಮನೆ ತುಂಬ ಜನ, ಸಾಂಬ್ರಾಣಿ ಹೊಗೆ. ಆರು ವರ್ಷ ಕಾದು ಪಡೆದ ಮಗು ಜಾಹ್ನವಿಯ ಮಡಿಲಲ್ಲಿತ್ತು. ಬಾಣಂತನಕ್ಕೆ ಬಂದಿದ್ದ ಅತ್ತೆ ದೇವೀರಮ್ಮ ತಟ್ಟೆಯಲ್ಲಿ ಅಕ್ಕಿ ಹರವಿ, ಅವನ ಕೈಗೆ ಚಿನ್ನದ ಉಂಗುರ ಕೊಟ್ಟರು.

"ಇದ್ರಲ್ಲಿ ಹೆಸ್ರು ಬರೀರಿ. ಆಮೇಲೆ ಕೂಸಿನ ಕಿವೀಲಿ ಮೂರು ಸಲ ಹೇಳಿ. ಅಪ್ಪನ ಬಾಯಲ್ಲಿ ಬಂದ್ರೇನೇ ಅದು ಹೆಸ್ರು."

ಉಂಗುರ ಅಕ್ಕಿಯ ಮೇಲೆ ನಿಂತಿತು. ಮೊದಲು ಹೇಳಿ ಆಮೇಲೆ ಬರೆಯಲೇ ಎಂದು ಕೇಳಿದ. ಪಂಡಿತರು ಶಾಸ್ತ್ರ ತಿದ್ದುತ್ತಿದ್ದಾರೆ ಎಂದು ಯಾರೋ ಕುಹಕವಾಡಿದರು. ಎಲ್ಲರೂ ನಕ್ಕರು. ಏನೆಂದು ವಿವರಿಸುವುದು? ನಾಚಿಕೆಯಾಯಿತು.

ಬರೆದ.

ಮಗುವಿನ ಕಿವಿಗೆ ಬಾಗಿದ. ಬಾಯಿ ತೆರೆದ. ಉಸಿರು ಬಂತು. ಹೆಸರು ಬರಲಿಲ್ಲ. ಸಾಂಬ್ರಾಣಿಯ ನಡುವೆ ಹಸಿ ಪಾಚಿಯ ವಾಸನೆ. ಮತ್ತೆ ಬಾಯಿ ತೆರೆದ. ಏನೂ ಇಲ್ಲ. ಅಕ್ಕಿಯನ್ನು ಅಂಗೈಯಿಂದ ಒರೆಸಿದ. ಅಕ್ಷರ ಅಳಿಯಿತು. ನಾಲಿಗೆ ಬಿಗಿದೇ ಇತ್ತು. ನಗು ನಿಂತಿತು. ಮಗು ಅವನ ಬಾಯನ್ನೇ ನೋಡುತ್ತಿತ್ತು.

ಕೊನೆಗೆ ಜಾಹ್ನವಿಯೇ ಬಾಗಿ ಹೇಳಿದಳು. ಅವನ ಕಡೆ ನೋಡಲಿಲ್ಲ.

ಮಗಳಿಗೆ ಈಗ ನಾಲ್ಕು ವರ್ಷ. ಅವನು ಚಪ್ಪಾಳೆ ತಟ್ಟಿ ಕರೆಯುತ್ತಾನೆ. ಕೆಲವೊಮ್ಮೆ ಅವಳು ತಿರುಗುವುದಿಲ್ಲ.

ಪೂರ್ಣಿಮಾ ಎಂದು ಅವನು ಒಮ್ಮೆಯೂ ಹೇಳಿಲ್ಲ.